ಗೆಳೆಯರಿರುವ ಬಂದರುಗಳು

ಕ್ರೂಸ್ ಪ್ರಯಾಣಕ್ಕೆ ಹೊರಡುವವರಲ್ಲಿ ಹೆಚ್ಚಿನವರು ಹಡಗಿನ ಸುಖಕ್ಕಾಗಿ ಹೊರಡುತ್ತಾರೆ, ಕೆಲವರು ದಾರಿಯಲ್ಲಿ ಸಿಗುವ ಊರುಗಳಿಗಾಗಿ ಹೊರಡುತ್ತಾರೆ. ನಾನೂ ನನ್ನ ಹೆಂಡತಿಯೂ ಹೊರಟದ್ದು ಗೆಳೆಯರಿಗಾಗಿ. ಒಂದೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಮುಂದಿನ ಓದಿಗೋ ಕೆಲಸಕ್ಕೋ ದೇಶ ಬಿಟ್ಟ ನಮ್ಮ ತರಗತಿಯ ಕೆಲವರು ಉತ್ತರ ಅಮೆರಿಕದ ಈಶಾನ್ಯ ಕರಾವಳಿಯ ಉದ್ದಕ್ಕೂ ಅಲ್ಲೊಬ್ಬರು ಇಲ್ಲೊಬ್ಬರು ಎಂಬಂತೆ ನೆಲೆಸಿದ್ದಾರೆ. ಬಾಸ್ಟನ್, ಅಲ್ಲಿಂದ ಮೇಲಕ್ಕೆ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಮತ್ತು ಬಾರ್ ಹಾರ್ಬರ್, ಗಡಿ ದಾಟಿದರೆ ಕೆನಡಾದ ಸೇಂಟ್ ಜಾನ್, ಅದರಾಚೆ ಹ್ಯಾಲಿಫ್ಯಾಕ್ಸ್. ಇವರನ್ನೆಲ್ಲ ಒಮ್ಮೆ ನೋಡಿ ಬರಬೇಕೆಂಬ ಮಾತು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆದಿತ್ತು. ಪ್ರತಿ ಸಲವೂ ವಿಮಾನಗಳ ಲೆಕ್ಕ, ಬಾಡಿಗೆ ಕಾರಿನ ಲೆಕ್ಕ, ಯಾರ ಮನೆಯಲ್ಲಿ ಎಷ್ಟು ದಿನ ಇರುವುದು ಎಂಬ ಸಂಕೋಚ ಇವುಗಳ ನಡುವೆ ಅದು ಹಾಗೆಯೇ ನಿಂತುಹೋಗುತ್ತಿತ್ತು. ಬಾಸ್ಟನ್ನಿನಿಂದ ಹೊರಟು ಬಾಸ್ಟನ್ನಿಗೇ ಮರಳುವ ಶರತ್ಕಾಲದ ಹಡಗೊಂದರ ವೇಳಾಪಟ್ಟಿಯನ್ನು ಮಗಳು ಕಳುಹಿಸಿದಾಗ ಅದರಲ್ಲಿದ್ದ ಬಂದರುಗಳ ಹೆಸರುಗಳನ್ನು ಹೆಂಡತಿ ಗಟ್ಟಿಯಾಗಿ ಓದಿದಳು. ನಮ್ಮ ಗೆಳೆಯರ ವಿಳಾಸಗಳನ್ನು ಯಾರೋ ಸಾಲಾಗಿ ಜೋಡಿಸಿ ಅಚ್ಚು ಹಾಕಿಸಿದ್ದಂತಿತ್ತು ಅದು.

ಅಮೆರಿಕದ ಊರುಗಳನ್ನು ನೋಡಲು ಹೊರಟ ಹಡಗು ಕೆನಡಾಕ್ಕೆ ಏಕೆ ಹೋಗುತ್ತದೆ ಎಂಬುದಕ್ಕೆ ಒಂದು ಹಳೆಯ ಕಾರಣವಿದೆ. ವಿದೇಶಿ ಧ್ವಜ ಹಾರಿಸುವ ಹಡಗುಗಳು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ ಎಂದು ಆ ದೇಶ 1886ರಲ್ಲಿ ಮಾಡಿದ ಕಾನೂನು ಇಂದಿಗೂ ಜಾರಿಯಲ್ಲಿದೆ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾ ಮುಂತಾದ ದೇಶಗಳಲ್ಲಿ ನೋಂದಾಯಿತವಾದುದರಿಂದ, ಹೊರಟ ಬಂದರಿಗೇ ಮರಳುವ ಮುನ್ನ ಎಲ್ಲಾದರೊಂದು ಕಡೆ ಹೊರದೇಶದ ಬಂದರನ್ನು ಮುಟ್ಟಲೇಬೇಕು. ದೇಶದೊಳಗಿನ ಹಡಗು ಉದ್ದಿಮೆಯನ್ನು ಕಾಪಾಡಲು ಮಾಡಿದ ಕಾನೂನು ನಮ್ಮನ್ನು ಸೇಂಟ್ ಜಾನ್ ಮತ್ತು ಹ್ಯಾಲಿಫ್ಯಾಕ್ಸಿನ ಗೆಳೆಯರ ಬಾಗಿಲಿಗೆ ಒಯ್ದಿತು. ಭಾರತದ ಪಾಸ್‌ಪೋರ್ಟ್ ಇರುವವರು ಇಲ್ಲಿ ಒಂದು ಸಂಗತಿಯನ್ನು ಗಮನದಲ್ಲಿಡಬೇಕು. ಕೆನಡಾದಲ್ಲಿ ಇಳಿಯಲು ಅಲ್ಲಿನ ವೀಸಾ ಬೇಕು, ಅಮೆರಿಕದ ವೀಸಾ ಹಲವು ಪ್ರವೇಶಗಳಿಗೆ ಅವಕಾಶ ಕೊಡುವಂಥದ್ದಾಗಿರಬೇಕು. ಹಡಗಿನ ಟಿಕೆಟ್ಟಿಗೆ ಹಣ ಕಟ್ಟುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಹಡಗು ಬಂದರಿನಲ್ಲಿ ನಿಲ್ಲುವ ದಿನಕ್ಕೆ ತನ್ನದೇ ಆದ ಕಟ್ಟುಪಾಡುಗಳಿವೆ. ಬೆಳಿಗ್ಗೆ ಏಳು ಎಂಟರ ಹೊತ್ತಿಗೆ ಹಡಗು ದಕ್ಕೆಗೆ ತಾಗುತ್ತದೆ. ಸಂಜೆ ಹೊರಡುವುದಕ್ಕೆ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಮುಂಚೆ ಎಲ್ಲರೂ ಹತ್ತಿರಬೇಕು. ಹಡಗಿನವರೇ ಮಾರುವ ಪ್ರವಾಸದಲ್ಲಿ ಹೋದವರು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ತಮ್ಮ ಪಾಡಿಗೆ ತಾವು ಊರು ಸುತ್ತಲು ಹೋದವರಿಗಾಗಿ ಕಾಯುವುದಿಲ್ಲ. ಗೆಳೆಯನ ಕಾರಿನಲ್ಲಿ ಹೋಗುವವರು ಈ ಎರಡನೆಯ ಗುಂಪಿನವರು. ಮೇನ್ ರಾಜ್ಯದಿಂದ ಕೆನಡಾದ ಈ ಭಾಗಕ್ಕೆ ಬಂದಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಹಡಗಿನ ಗಡಿಯಾರವೂ ಅದರ ಜೊತೆಗೇ ಬದಲಾಗುತ್ತದೆಯೇ ಎಂಬುದನ್ನು ಹಿಂದಿನ ರಾತ್ರಿಯೇ ಕೇಳಿ ತಿಳಿದುಕೊಳ್ಳಬೇಕು, ಏಕೆಂದರೆ ಗೆಳೆಯ ಹೇಳುವ ಮೂರು ಗಂಟೆ ಮತ್ತು ಹಡಗು ಹೇಳುವ ಮೂರು ಗಂಟೆ ಬೇರೆ ಬೇರೆಯಾಗಿರಬಹುದು. ಗೆಳೆಯರನ್ನು ಹಡಗಿನೊಳಕ್ಕೆ ಕರೆದು ಕೂರಿಸಿ ಉಪಚರಿಸುತ್ತೇವೆಂದರೆ ಅದು ಹೆಚ್ಚುಕಡಿಮೆ ಆಗದ ಮಾತು. ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ನಿಯಮಗಳು 2004ರಲ್ಲಿ ಜಾರಿಗೆ ಬಂದ ಮೇಲೆ, ಬೀಳ್ಕೊಡಲು ಬಂದವರು ಮೇಲೆ ಹತ್ತಿ ಕೋಣೆಯವರೆಗೆ ಬರುತ್ತಿದ್ದ ಕಾಲ ಮುಗಿದುಹೋಗಿದೆ. ಹಡಗಿನ ಹಣ್ಣನ್ನಾಗಲಿ ತಿಂಡಿಯನ್ನಾಗಲಿ ಕೆಳಗೆ ಒಯ್ಯುವುದಕ್ಕೂ ಅಡ್ಡಿಯಿದೆ. ಹೀಗಾಗಿ ಅತಿಥಿಗಳಾಗುವ ಸರದಿ ಎಲ್ಲ ಊರುಗಳಲ್ಲೂ ನಮ್ಮದೇ.

ಇಷ್ಟು ಬಿಗಿಯಾದ ವೇಳೆಯಲ್ಲಿ ಹಳೆಯ ಗೆಳೆಯರನ್ನು ನೋಡುವುದೆಂದರೆ ಸರಿಯಾಗಿ ಮಾತಾಡಿದಂತೆಯೂ ಆಗುವುದಿಲ್ಲ ಎಂದು ಹೊರಡುವ ಮೊದಲು ಹಲವರು ನಮಗೆ ಹೇಳಿದ್ದರು. ನನ್ನ ಅನುಭವ ಬಹುಮಟ್ಟಿಗೆ ಅದಕ್ಕೆ ವಿರುದ್ಧವಾಗಿದೆ. ವಾರಗಟ್ಟಲೆ ಉಳಿಯಲೆಂದು ಗೆಳೆಯನ ಮನೆಗೆ ಹೋದಾಗ ಮೊದಲ ದಿನ ಉಪಚಾರದಲ್ಲಿ ಕಳೆಯುತ್ತದೆ, ಎರಡನೆಯ ದಿನ ಊರು ತೋರಿಸುವುದರಲ್ಲಿ ಕಳೆಯುತ್ತದೆ, ಮುಖ್ಯವಾದ ಮಾತನ್ನು ನಾಳೆ ಆಡೋಣವೆಂದು ಇಬ್ಬರೂ ಎತ್ತಿಡುತ್ತಾರೆ. ಮುಂದಿನ ದಿನಗಳಲ್ಲಿ ಟಿವಿ, ಅಂಗಡಿ, ಮಕ್ಕಳ ಫೋನು ಇವೆಲ್ಲ ಸೇರಿಕೊಂಡು ಆ ಮಾತು ಬೀಳ್ಕೊಡುವ ಬಾಗಿಲಲ್ಲಿ ಅರ್ಧ ನೆನಪಾಗುತ್ತದೆ. ಬಂದರಿನ ದಿನದಲ್ಲಿ ಹೊರಡುವ ಗಳಿಗೆ ಇಬ್ಬರಿಗೂ ಬೆಳಗಿನಿಂದಲೇ ಗೊತ್ತಿರುತ್ತದೆ. ಹಾಸಿಗೆ ಹಾಸುವ, ಮಂಚ ಖಾಲಿ ಮಾಡಿಕೊಡುವ ಗೊಡವೆಯಿಲ್ಲ. ಬೆನ್ನುನೋವಿರುವ ಗೆಳೆಯನ ಹೆಂಡತಿ ನಮಗಾಗಿ ನಸುಕಿನಲ್ಲೇ ಎದ್ದು ಅಡುಗೆಮನೆಗೆ ಹೋಗಬೇಕಿಲ್ಲ. ಎಪ್ಪತ್ತರ ಹತ್ತಿರ ಬಂದವರ ನಡುವೆ ಇದು ಸಣ್ಣ ಸಂಗತಿಯಲ್ಲ. ಕಾರು ಬಂದರಿನ ಗೇಟು ದಾಟುವುದರೊಳಗೆ ಮಾತು ನೇರವಾಗಿ ಬೇಕಾದ ಕಡೆಗೇ ಹೋಗುತ್ತಿತ್ತು.

ಪೋರ್ಟ್‌ಲ್ಯಾಂಡಿನ ಗೆಳೆಯ ವೈದ್ಯ, ಇನ್ನೂ ಕೆಲಸದಲ್ಲಿದ್ದಾನೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬಿಡುವು ಮಾಡಿಕೊಂಡು ಬಂದು, 1791ರಲ್ಲಿ ಮೊದಲು ದೀಪ ಹಚ್ಚಿದ ಪೋರ್ಟ್‌ಲ್ಯಾಂಡ್ ಹೆಡ್ ದೀಪಸ್ತಂಭದ ಬಳಿಗೆ ಕರೆದೊಯ್ದು, ಅಲ್ಲಿನ ಕಲ್ಲುಗಳ ಮೇಲೆ ಕೂತು ನಮ್ಮಿಬ್ಬರ ರಕ್ತದೊತ್ತಡದ ಮಾತ್ರೆಗಳ ಹೆಸರು ಕೇಳಿದ. ಅವನ ಪ್ರೀತಿ ಯಾವಾಗಲೂ ಆ ದಾರಿಯಿಂದಲೇ ಬರುವುದು. ಅಲ್ಲಿ ಅಷ್ಟೇ ಆದದ್ದು, ಅಷ್ಟು ಸಾಕಾಯಿತು.

ಬಾರ್ ಹಾರ್ಬರಿನಲ್ಲಿ ದೊಡ್ಡ ಹಡಗುಗಳು ದಕ್ಕೆಗೆ ತಾಗುವುದಿಲ್ಲ. ಫ್ರೆಂಚ್‌ಮನ್ ಕೊಲ್ಲಿಯಲ್ಲಿ ಲಂಗರು ಹಾಕಿ, ಟೆಂಡರ್ ಎಂದು ಕರೆಯುವ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತವೆ. ಸುಮಾರು 5,000 ಜನರ ಈ ಊರಿಗೆ ಒಂದು ದೊಡ್ಡ ಹಡಗು ಬಂದಿತೆಂದರೆ ಊರಿನ ಅರ್ಧದಷ್ಟು ಜನ ಒಮ್ಮೆಲೇ ಬೀದಿಗೆ ಬಂದಿಳಿದಂತೆ. ಹಡಗುಗಳಿಂದ ದಿನಕ್ಕೆ 1,000 ಪ್ರಯಾಣಿಕರಿಗಿಂತ ಹೆಚ್ಚು ಮಂದಿ ಇಳಿಯಬಾರದೆಂದು ಊರಿನವರು 2022ರಲ್ಲಿ ಮತ ಹಾಕಿ ತೀರ್ಮಾನಿಸಿದರು, ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಾನೂ ಹಾಗೆ ಇಳಿದವರಲ್ಲಿ ಒಬ್ಬನಾದರೂ ಊರಿನವರ ಮಾತಿನಲ್ಲಿ ನ್ಯಾಯವಿದೆ ಎಂದೇ ನನಗನಿಸುತ್ತದೆ. ಮುಖ್ಯ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ; ಅದೇ ಬೀದಿಯಲ್ಲಿ ಔಷಧಿ ಕೊಳ್ಳಲು ಬಂದ ಮುದುಕಿಯೊಬ್ಬರು ಟೀ ಶರ್ಟ್ ಅಂಗಡಿಯ ಸಾಲಿನಲ್ಲಿ ನಿಂತವರನ್ನು ದಾಟಿ ಹೋಗಲಾರದೆ ನಿಂತಿದ್ದರು. ಒಬ್ಬ ಗೆಳೆಯನ ಮನೆಗೆ ಹೋಗುವವರು ಆ ಊರಿನ ಮೇಲೆ ಹಾಕುವ ಭಾರ ಕಡಿಮೆ ಎಂಬುದಾದರೂ ನಿಜ.

ಅಲ್ಲಿರುವ ಗೆಳೆಯ ಜೀವಶಾಸ್ತ್ರಜ್ಞ. ಅವನು ಆ ಊರಿಗೆ ಬಂದದ್ದೇ ಜಾಕ್ಸನ್ ಪ್ರಯೋಗಾಲಯದ ಕಾರಣದಿಂದ. 1929ರಲ್ಲಿ ಆರಂಭವಾದ ಈ ಸಂಸ್ಥೆ ವಂಶವಾಹಿಗಳ ಅಧ್ಯಯನಕ್ಕೆ ಬೇಕಾದ ಇಲಿಗಳ ಶುದ್ಧ ತಳಿಗಳನ್ನು ಸಾಕಿ ಜಗತ್ತಿನ ಪ್ರಯೋಗಾಲಯಗಳಿಗೆ ಕಳುಹಿಸುತ್ತದೆ. 1947ರ ಅಕ್ಟೋಬರಿನಲ್ಲಿ, ತಿಂಗಳುಗಟ್ಟಲೆ ಮಳೆಯಿಲ್ಲದೆ ಒಣಗಿದ್ದ, ಬಾರ್ ಹಾರ್ಬರ್ ಇರುವ ದ್ವೀಪಕ್ಕೆ ಬೆಂಕಿ ಬಿದ್ದು 17,000 ಎಕರೆಗೂ ಹೆಚ್ಚು ಸುಟ್ಟಿತು. ಪ್ರಯೋಗಾಲಯದ ಬಹುಭಾಗವೂ ಅದರಲ್ಲಿದ್ದ ಹತ್ತಾರು ಸಾವಿರ ಇಲಿಗಳೂ ನಾಶವಾದವು. ವರ್ಷಗಟ್ಟಲೆ ಬೆಳೆಸಿದ ತಳಿಗಳು ಒಂದೇ ದಿನದಲ್ಲಿ ಇಲ್ಲವಾದವು ಎನ್ನುವಾಗ, ಹಿಂದೆ ಅಲ್ಲಿಂದ ಇಲಿಗಳನ್ನು ತರಿಸಿಕೊಂಡಿದ್ದ ಬೇರೆ ಬೇರೆ ಊರು, ದೇಶಗಳ ವಿಜ್ಞಾನಿಗಳು ಅದೇ ತಳಿಯ ಮರಿಗಳನ್ನು ಹಿಂದಕ್ಕೆ ಕಳುಹಿಸಿದರು, ಅವುಗಳಿಂದ ಸಂಸ್ಥೆ ಮತ್ತೆ ಎದ್ದಿತು. ಗೆಳೆಯ ಇದನ್ನು ಬಲು ಅಭಿಮಾನದಿಂದ ಹೇಳುತ್ತಾನೆ. “ಹಂಚಿದ್ದಕ್ಕೇ ಉಳೀತು ಕಣೋ, ಇಲ್ಲೇ ಬಚ್ಚಿಟ್ಕೊಂಡಿದ್ರೆ ಒಂದೂ ಸಿಗ್ತಿರ್ಲಿಲ್ಲ” ಎಂದ.

ಮಧ್ಯಾಹ್ನ ಅವನು ನನ್ನನ್ನು ಬಾರ್ ಐಲೆಂಡಿನ ದಾರಿಗೆ ಕರೆದೊಯ್ದ. ಊರಿನ ಅಂಚಿನಿಂದ ಎದುರಿನ ಪುಟ್ಟ ದ್ವೀಪದವರೆಗೆ ಜಲ್ಲಿ ಮತ್ತು ಮರಳಿನ ಒಂದು ದಿಬ್ಬವಿದೆ. ಉಬ್ಬರದಲ್ಲಿ ಅದು ನೀರಿನಡಿ ಇರುತ್ತದೆ, ಇಳಿತದ ಹಿಂದೆ ಮುಂದೆ ಒಂದೂವರೆ ಗಂಟೆಯ ಹೊತ್ತು ಮಾತ್ರ ನಡೆದು ಹೋಗಲು ಬರುತ್ತದೆ. ಒದ್ದೆ ಕಲ್ಲುಗಳ ಮೇಲೆ ಕಪ್ಪು ನೀಲಿಯ ಚಿಪ್ಪುಗಳು ಗೊಂಚಲು ಗೊಂಚಲಾಗಿ ಅಂಟಿಕೊಂಡಿದ್ದವು, ಅವುಗಳ ಮೇಲೆ ಕಾಲಿಡದಂತೆ ನೋಡಿಕೊಂಡು ನಿಧಾನವಾಗಿ ನಡೆಯುತ್ತಿದ್ದೆವು. ಅರ್ಧ ದಾರಿಯಲ್ಲಿ ಅವನು, ನನ್ನ ತಂದೆಯವರ ಬಗ್ಗೆ ಒಂದು ಮಾತು ಹೇಳಬೇಕಿತ್ತು ಎಂದ.

ನನ್ನ ತಂದೆ ಶಾಲಾ ಮೇಷ್ಟರಾಗಿದ್ದವರು, ಬಹಳ ಬಿಗಿಯಾದ ಮನುಷ್ಯ. ಮನೆಯಲ್ಲಿ ಇಸ್ಪೀಟು, ಕೇರಂ, ಚೌಕಾಬಾರ ಯಾವುದಕ್ಕೂ ಅವಕಾಶವಿರಲಿಲ್ಲ. ಅವರು ಒಂದು ಆಟವನ್ನಾದರೂ ಆಡಿದ್ದನ್ನು ನಾನು ಕಂಡದ್ದಿಲ್ಲ. ಎರಡನೆಯ ವರ್ಷದಲ್ಲಿ ಒಂದು ಸಂಜೆ ಅವರು ಹಾಸ್ಟೆಲಿನ ಶುಲ್ಕ ಕಟ್ಟಲು ಬಂದಿದ್ದರಂತೆ. ನಾನು ಪ್ರಾಯೋಗಿಕ ಪರೀಕ್ಷೆಯಲ್ಲಿದ್ದೆ. ನನಗಾಗಿ ಕಾಯುತ್ತಾ ಹಜಾರದ ಬೆಂಚಿನ ಮೇಲೆ ಕೂತಿದ್ದವರು, ಹುಡುಗರು ಕೇರಂ ಆಡುವುದನ್ನು ಸ್ವಲ್ಪ ಹೊತ್ತು ನೋಡಿ, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಅಂಗಿಯ ತೋಳನ್ನು ಮೊಣಕೈವರೆಗೆ ಮಡಿಸಿ, ತಾವೂ ಕೂತರಂತೆ. ಮೂರು ಆಟ ಆಡಿ ಮೂರನ್ನೂ ಗೆದ್ದರಂತೆ. ಕೆಂಪು ಕಾಯಿಯನ್ನು ಹಿಂದಿನ ಗೋಡೆಗೆ ಬಡಿದು ಮರಳಿ ಬರುವಂತೆ ಹೊಡೆದು ತಮ್ಮ ಪಕ್ಕದ ಗುಳಿಗೆ ಬೀಳಿಸಿದಾಗ ಹುಡುಗರೆಲ್ಲ ಕೂಗಿದರಂತೆ, ಅವರೂ ತಲೆ ಹಿಂದಕ್ಕೆ ಹಾಕಿ ನಕ್ಕರಂತೆ. ನಾನು ಬರುವ ಸದ್ದಾದಾಗ ಕೋಟು ತೊಟ್ಟು ಬೆಂಚಿಗೆ ಮರಳಿ, ನನ್ನ ಈ ಗೆಳೆಯನಿಗೆ, “ಅವನಿಗೆ ಹೇಳಬೇಡಪ್ಪಾ, ಓದೋದು ಬಿಟ್ಟು ಆಡೋಕೆ ಕೂತುಬಿಡ್ತಾನೆ” ಎಂದರಂತೆ.

ಗೆಳೆಯ ಆ ಮಾತನ್ನು ಉಳಿಸಿಕೊಂಡ. ನನ್ನ ಓದು ಮುಗಿದು, ನೌಕರಿ ಮುಗಿದು, ತಂದೆ ತೀರಿಕೊಂಡು ಬಹಳ ಕಾಲವಾದ ಮೇಲೆ, ಆ ದಿಬ್ಬದ ಮೇಲೆ ನಿಂತು ಹೇಳಿದ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. “ಫೋನಲ್ಲಿ ಹೇಳೋ ವಿಷಯ ಅಲ್ಲ ಅನ್ನಿಸ್ತು. ಅವರು ಕೋಟು ಬಿಚ್ಚಿದ್ದು ಹೇಗೆ ಅಂತ ತೋರಿಸ್ಬೇಕಿತ್ತು” ಎಂದು, ತನ್ನ ಜಾಕೆಟ್ಟನ್ನು ಹಾಗೆಯೇ ಒಂದು ತೋಳು ಮೊದಲು ಎಳೆದು, ಇನ್ನೊಂದನ್ನು ಕೊಡವಿ ಬಿಚ್ಚಿ ತೋರಿಸಿದ. ನನ್ನ ತಂದೆ ಕೋಟು ಬಿಚ್ಚುತ್ತಿದ್ದದ್ದು ಹಾಗೆಯೇ. ನನಗೆ ಆ ನೆನಪು ಅಳಿದೇ ಹೋಗಿತ್ತು. ನಮ್ಮ ಬಾಳಿನ ಎಷ್ಟೋ ಭಾಗ ನಮ್ಮ ಬಳಿ ಇಲ್ಲವೇ ಇಲ್ಲ, ಅದು ಹೀಗೆ ಯಾರ ಯಾರದೋ ಬಳಿ ಇದೆ, ಅವರನ್ನು ಹುಡುಕಿಕೊಂಡು ಹೋಗದಿದ್ದರೆ ಅದು ಅವರೊಂದಿಗೇ ಮುಗಿಯುತ್ತದೆ ಎಂಬುದು ಅಲ್ಲಿ ನಿಂತಾಗ ನನಗೆ ಸ್ಪಷ್ಟವಾಯಿತು. ಈ ಪ್ರಯಾಣಕ್ಕೆ ಖರ್ಚು ಮಾಡಿದ್ದೆಲ್ಲ ಆ ಒಂದು ಸಂಗತಿಗೇ ಸಂದಿತು ಎಂದು ಆ ರಾತ್ರಿ ಹೆಂಡತಿಗೆ ಹೇಳಿದೆ.

ಸೇಂಟ್ ಜಾನ್ ಇರುವುದು ಫಂಡಿ ಕೊಲ್ಲಿಯ ದಡದಲ್ಲಿ. ಈ ಕೊಲ್ಲಿಯ ತುದಿಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ 16 ಮೀಟರಿನವರೆಗೆ ಹೋಗುವುದುಂಟು, ಜಗತ್ತಿನಲ್ಲೇ ಅತಿ ಹೆಚ್ಚು. ಕೊಲ್ಲಿಯೊಳಗಿನ ನೀರು ಒಮ್ಮೆ ಒಳಸರಿದು ಹೊರಸರಿಯಲು ತೆಗೆದುಕೊಳ್ಳುವ ಸಹಜ ಕಾಲವೂ, ಸಾಗರದ ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕಿರುವ ಹನ್ನೆರಡೂವರೆ ಗಂಟೆಯ ಅವಧಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಪ್ರತಿ ಉಬ್ಬರವೂ ಹಿಂದಿನದಕ್ಕೆ ಬಲ ಕೂಡಿಸುತ್ತದೆ. ಸೇಂಟ್ ಜಾನ್ ಬಂದರಿನಲ್ಲಿ ಈ ಅಂತರ ಸುಮಾರು 28 ಅಡಿಯವರೆಗೆ ಇರುತ್ತದೆ. ಬೆಳಿಗ್ಗೆ ನಾವು ಇಳಿದ ಏಣಿಹಾದಿಯ ಇಳಿಜಾರಿಗೂ ಸಂಜೆ ಹತ್ತಿದಾಗಿನ ಇಳಿಜಾರಿಗೂ ಸಂಬಂಧವೇ ಇರಲಿಲ್ಲ, ಅಷ್ಟರಲ್ಲಿ ಇಡೀ ಹಡಗೇ ಎತ್ತರಕ್ಕೆ ಏರಿತ್ತು.

ಅಲ್ಲಿರುವ ಗೆಳತಿ ಗಣಿತ ಕಲಿಸುತ್ತಿದ್ದು ಈಗ ನಿವೃತ್ತರಾಗಿದ್ದಾರೆ. ನಮ್ಮ ಕಾಲದಲ್ಲಿ ಒಂದೇ ತರಗತಿಯ ಹುಡುಗ ಹುಡುಗಿಯರು ಬಹುವಚನದಲ್ಲೇ ಮಾತಾಡುತ್ತಿದ್ದೆವು, ಈಗಲೂ ಅದೇ ನಡೆದಿದೆ. “ನೀವು ಜಲಪಾತ ನೋಡಬೇಕು ಅಂತ ಬಂದಿದ್ದರೆ ಎರಡು ಸಲ ನೋಡಬೇಕಾಗುತ್ತೆ” ಎಂದು, ಸೇಂಟ್ ಜಾನ್ ನದಿ ಕೊಲ್ಲಿಯನ್ನು ಸೇರುವ ಇಕ್ಕಟ್ಟಾದ ಕಮರಿಗೆ ಕರೆದೊಯ್ದರು. ನೀರಿನಡಿಯ ಬಂಡೆಯ ಅಂಚಿನಿಂದಾಗಿ ಇಳಿತದ ಹೊತ್ತಿನಲ್ಲಿ ನದಿ ಸಮುದ್ರದ ಕಡೆಗೆ ಧುಮುಕುತ್ತದೆ. ಉಬ್ಬರದಲ್ಲಿ ಸಮುದ್ರವೇ ನದಿಗಿಂತ ಎತ್ತರಕ್ಕೆ ಬಂದು ನೀರು ಹಿಮ್ಮುಖವಾಗಿ ಹರಿಯುತ್ತದೆ. ಎರಡರ ನಡುವೆ ಸುಮಾರು ಇಪ್ಪತ್ತು ನಿಮಿಷ ನೀರು ಸಮವಾಗಿ ನಿಲ್ಲುತ್ತದೆ, ದೋಣಿಗಳು ದಾಟುವುದು ಆಗ ಮಾತ್ರ. ನಡುವಿನ ಹೊತ್ತನ್ನು ನಾವು 1876ರಲ್ಲಿ ಕಟ್ಟಿದ ಊರಿನ ಮಾರುಕಟ್ಟೆಯಲ್ಲಿ ಕಳೆದೆವು. ಅದರ ಚಾವಣಿಯ ಮರದ ತೊಲೆಗಳು ಮಗುಚಿದ ಹಡಗಿನ ಒಡಲಿನಂತಿವೆ, ಹಡಗು ಕಟ್ಟುವುದನ್ನೇ ಕಸುಬಾಗಿ ಮಾಡಿಕೊಂಡಿದ್ದ ಊರಿನ ಕೈಗಳು ಅವನ್ನು ಹಾಗೆ ಕೂಡಿಸಿವೆ. ಮರುವರ್ಷ, 1877ರ ಜೂನಿನಲ್ಲಿ, ಊರಿನ ನಡುಭಾಗವನ್ನೆಲ್ಲ ಸುಟ್ಟ ಬೆಂಕಿಯಲ್ಲಿ ಈ ಕಟ್ಟಡ ಉಳಿದುಕೊಂಡಿತು. ಗೆಳತಿ ಡಲ್ಸ್ ಎಂಬ ಒಣಗಿಸಿದ ನೇರಳೆ ಬಣ್ಣದ ಕಡಲಪಾಚಿಯನ್ನು ಕೊಂಡು ನನ್ನ ಹೆಂಡತಿಯ ಕೈಗಿಟ್ಟರು. ಉಪ್ಪು ಉಪ್ಪಾಗಿ ಚರ್ಮದಂತೆ ಜಗಿಯಬೇಕಾದ ಅದನ್ನು ಅವರು ಮೊದಲ ವರ್ಷ ಬಾಯಿಗೂ ಮುಟ್ಟಿಸಿರಲಿಲ್ಲವಂತೆ, ಈಗ ಅದಿಲ್ಲದೆ ಸಂಜೆ ಕಳೆಯುವುದಿಲ್ಲವಂತೆ. ಮಾರುಕಟ್ಟೆಯ ಆ ಬೆಂಚಿನ ಮೇಲೆ ಅವರು ನನ್ನ ಹೆಂಡತಿಯೊಂದಿಗೆ ತಮ್ಮ ಒಂಟಿ ಮನೆಯ ಬಗ್ಗೆ, ದೂರದಲ್ಲಿರುವ ಮಗನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಆ ಮಾತುಗಳು ಅವರಿಬ್ಬರವು, ಇಲ್ಲಿ ಬರೆಯುವುದಿಲ್ಲ.

ಹ್ಯಾಲಿಫ್ಯಾಕ್ಸಿನಲ್ಲಿ ಹಡಗು ನಿಲ್ಲುವುದು ಪಿಯರ್ 21ರ ಮಗ್ಗುಲಲ್ಲೇ. 1928ರಿಂದ 1971ರವರೆಗೆ ಹತ್ತಿರ ಹತ್ತಿರ ಹತ್ತು ಲಕ್ಷ ವಲಸಿಗರು ಕೆನಡಾದ ನೆಲಕ್ಕೆ ಮೊದಲ ಹೆಜ್ಜೆ ಇಟ್ಟ ಕಟ್ಟಡ ಅದು. ಈಗ ವಲಸೆಯ ವಸ್ತುಸಂಗ್ರಹಾಲಯವಾಗಿದೆ. ನಮ್ಮ ಗೆಳೆಯ ಬಂದದ್ದು ವಿಮಾನದಲ್ಲಾದರೂ, ಮನೆಗೆ ಬಂದ ಅತಿಥಿಗಳನ್ನೆಲ್ಲ ಮೊದಲು ಇಲ್ಲಿಗೇ ಕರೆತರುವ ವಾಡಿಕೆ ಅವನಿಗಿತ್ತು. ಈ ಸಲ ನಮ್ಮನ್ನು ಕರೆದೊಯ್ಯಲು ಬಂದವರು ಅವನ ಹೆಂಡತಿ. ಅವನಿಗೆ ಪಾರ್ಶ್ವವಾಯು ಹೊಡೆದು, ಕೈಕಾಲು ಬಹುಮಟ್ಟಿಗೆ ಸರಿಯಾಗಿ, ಮಾತು ಮಾತ್ರ ಇನ್ನೂ ಪೂರ್ತಿ ಮರಳಿಲ್ಲ. ಎಲ್ಲವೂ ಅರ್ಥವಾಗುತ್ತದೆ, ಹೇಳಬೇಕಾದ ಪದ ಬಾಯಿಗೆ ಬರುವುದಿಲ್ಲ. “ಅವರು ಪದ ಹುಡುಕುವಾಗ ನೀವು ಹೇಳಿಕೊಡಬೇಡಿ, ಕಾಯಿರಿ, ಅವರಿಗೆ ಅದೇ ಇಷ್ಟ” ಎಂದು ಅವರು ದಾರಿಯಲ್ಲೇ ನಮ್ಮನ್ನು ಸಿದ್ಧಗೊಳಿಸಿದರು.

ಅವನು ನಮ್ಮ ರಸಾಯನಶಾಸ್ತ್ರದ ಮೇಷ್ಟರ ಹೆಸರು ಹೇಳಲು ಹೊರಟಿದ್ದ. ಯಾರೆಂದು ನನಗೆ ತಕ್ಷಣವೇ ತಿಳಿಯಿತು, ಆದರೂ ತುಟಿ ಬಿಗಿದು ಕೂತೆ. ಅವನು ಗಾಳಿಯಲ್ಲಿ ಕನ್ನಡಕ ಬರೆದ, ಗಿಡ್ಡ ಎಂದು ಕೈಯಲ್ಲಿ ತೋರಿಸಿದ, ಮೊದಲ ಅಕ್ಷರ ಹಿಡಿದ, ಅದು ಜಾರಿತು, ಮತ್ತೆ ಹಿಡಿದ. ಗೋಡೆಯ ಗಡಿಯಾರದ ಮೇಲೆ ನನ್ನ ಕಣ್ಣು ಹೋಗದಿರಲೆಂದು ನಾನು ಕುರ್ಚಿಯನ್ನೇ ತಿರುಗಿಸಿಕೊಂಡು ಕೂತೆ. ಹೆಸರು ಕೊನೆಗೂ ಬಂದಾಗ ಮೂವರೂ ಚಪ್ಪಾಳೆ ತಟ್ಟಿದೆವು. ಆಮೇಲೆ ಅವನ ಹೆಂಡತಿ ನಗುತ್ತಾ, “ಮಗ್ಗಿ ಕೇಳಿ ನೋಡಿ” ಎಂದರು. ಮೆದುಳಿಗೆ ಇಂಥ ಪೆಟ್ಟು ಬಿದ್ದವರಲ್ಲಿ ಹಲವರಿಗೆ ಹೊಸದಾಗಿ ವಾಕ್ಯ ಕಟ್ಟುವುದು ಕಷ್ಟವಾದರೂ, ಎಣಿಕೆ, ವಾರದ ಹೆಸರು, ಹಾಡು, ಪ್ರಾರ್ಥನೆ ಮುಂತಾಗಿ ಬಾಯಿಪಾಠವಾದದ್ದು ಸರಾಗವಾಗಿ ಬರುವುದುಂಟು. “ಹದಿಮೂರೊಂದ್ಲಿ ಹದಿಮೂರು” ಎಂದು ನಾನು ಆರಂಭಿಸಿದೆ. “ಹದಿಮೂರೆರಡ್ಲಿ ಇಪ್ಪತ್ತಾರು, ಹದಿಮೂರ್ಮೂರ್ಲಿ ಮೂವತ್ತೊಂಬತ್ತು” ಎಂದು ಅವನು ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತಾ, ಒಂದು ಕಡೆಯೂ ನಿಲ್ಲದೆ ನೂರ ಮೂವತ್ತರವರೆಗೆ ಹೇಳಿದ. ನಾನು ಎಂಟರಲ್ಲಿ ತಡವರಿಸಿದಾಗ ನನ್ನನ್ನು ಬಿಟ್ಟು ಮುಂದಕ್ಕೆ ಹೋದ.

ಬಂದರಿನ ದಿನದ ಬಗ್ಗೆ ನಾನು ಮೇಲೆ ಹೊಗಳಿ ಬರೆದದ್ದೆಲ್ಲ ಈ ಮನೆಯಲ್ಲಿ ನಿಲ್ಲುವುದಿಲ್ಲ. ಚೆನ್ನಾಗಿರುವವರ ಮಾತನ್ನು ಬಿಗಿಯಾದ ವೇಳೆ ನೇರಗೊಳಿಸುತ್ತದೆ, ಮಾತಿಗೆ ಹೊತ್ತು ಬೇಕಾದವರನ್ನು ಅದು ಸುಮ್ಮನಾಗಿಸುತ್ತದೆ. ಅವನಿಗೆ ಬೇಕಾಗಿದ್ದದ್ದು ನಿಧಾನ. ಹಡಗಿನಲ್ಲಿ ಬಂದವರ ಬಳಿ ಇಲ್ಲದಿರುವುದು ಅದೊಂದೇ. ಅನಾರೋಗ್ಯವಿರುವ, ಹೊಸದಾಗಿ ಸಾವು ಕಂಡಿರುವ ಗೆಳೆಯರ ಮನೆಗೆ ಬೇರೆ ದಾರಿಯಿಂದ ಹೋಗಬೇಕು, ಕೆಲವು ದಿನ ಉಳಿಯಲೆಂದೇ ಹೋಗಬೇಕು. ಹಾಗೆ ಹೋಗಲು ನಾವಿಬ್ಬರೂ ಈಗ ಮನಸ್ಸು ಮಾಡಿದ್ದೇವೆ.

ಮರಳುವ ಮುನ್ನ ಅವನು ತಾನೇ ಜೊತೆಯಲ್ಲಿ ಬರುತ್ತೇನೆಂದು ಹಟ ಹಿಡಿದು ಕಾರು ಹತ್ತಿದ. ಬಂದರು ಕಿರಿದಾಗುವ ಜಾಗವನ್ನು ಕಿಟಕಿಯಿಂದ ಬೆರಳಿಟ್ಟು ತೋರಿಸಿದ. 1917ರ ಡಿಸೆಂಬರ್ 6ರ ಬೆಳಿಗ್ಗೆ ಸ್ಫೋಟಕಗಳನ್ನು ತುಂಬಿಕೊಂಡಿದ್ದ ಮಾಂಟ್ ಬ್ಲಾಂಕ್ ಎಂಬ ಫ್ರೆಂಚ್ ಹಡಗಿಗೂ ನಾರ್ವೆಯ ಇಮೊ ಎಂಬ ಹಡಗಿಗೂ ಡಿಕ್ಕಿಯಾದದ್ದು ಅಲ್ಲಿ. ಹೊತ್ತಿ ಉರಿಯುವ ಹಡಗನ್ನು ಜನ ಕಿಟಕಿಗಳ ಬಳಿ ನಿಂತು ನೋಡುತ್ತಿದ್ದಾಗ ಅದು ಸಿಡಿಯಿತು. ಸುಮಾರು 2,000 ಮಂದಿ ಸತ್ತರು, ಒಡೆದ ಗಾಜಿನಿಂದ ನೂರಾರು ಮಂದಿಯ ಕಣ್ಣು ಹೋಯಿತು. ರೈಲು ಇಲಾಖೆಯ ವಿನ್ಸ್ ಕೋಲ್‌ಮನ್ ಎಂಬಾತ, ಹಡಗು ಸಿಡಿಯಲಿದೆಯೆಂದು ತಿಳಿದೂ ಕಚೇರಿಯಲ್ಲೇ ಉಳಿದು, ಬರುತ್ತಿರುವ ರೈಲುಗಳನ್ನು ನಿಲ್ಲಿಸುವಂತೆ ತಂತಿ ಕಳುಹಿಸಿ, ಅಲ್ಲಿಯೇ ಪ್ರಾಣ ಬಿಟ್ಟ. ಸುದ್ದಿ ಮುಟ್ಟಿದ ಆ ರಾತ್ರಿಯೇ ಬಾಸ್ಟನ್ನಿನಿಂದ ವೈದ್ಯರನ್ನೂ ದಾದಿಯರನ್ನೂ ಔಷಧಿಯನ್ನೂ ತುಂಬಿಕೊಂಡ ರೈಲು ಹೊರಟು, ಹಿಮಗಾಳಿಯನ್ನು ಸೀಳಿಕೊಂಡು ಬಂದಿತು. ಅದರ ನೆನಪಿಗೆ ಹ್ಯಾಲಿಫ್ಯಾಕ್ಸ್ ಇರುವ ನೋವಾ ಸ್ಕೋಷಿಯಾ ಪ್ರಾಂತ್ಯದ ಜನ 1971ರಿಂದ ಪ್ರತಿ ವರ್ಷ ಒಂದು ದೊಡ್ಡ ಕ್ರಿಸ್‌ಮಸ್ ಮರವನ್ನು ಬಾಸ್ಟನ್ನಿಗೆ ಕಳುಹಿಸುತ್ತಾರೆ. ಗೆಳೆಯ ಇದರಲ್ಲಿ ಹೇಳಿದ್ದು “ಬಾಸ್ಟನ್” ಮತ್ತು “ಮರ” ಎಂಬ ಎರಡು ಪದ, ಉಳಿದದ್ದನ್ನು ಅವನ ಹೆಂಡತಿ ತುಂಬಿದರು. ಬಂದರಿನ ಬಾಗಿಲಲ್ಲಿ ಅವನು ನನ್ನ ತೋಳು ಹಿಡಿದು, ಬಾಸ್ಟನ್ನಿನ ಗೆಳೆಯನ ಹೆಸರು ಹೇಳಿ, “ನೋಡ್ಬೇಕು” ಎಂದ.

ಆ ಮಾತು ನನ್ನನ್ನು ಹಿಂತಿರುಗುವ ದಾರಿಯುದ್ದಕ್ಕೂ ಕಾಡಿತು. ಒಂದೇ ಕರಾವಳಿಯಲ್ಲಿ ಇಷ್ಟು ವರ್ಷದಿಂದ ಇರುವ ಈ ಐವರು ಒಬ್ಬರನ್ನೊಬ್ಬರು ನೋಡಿ ಎಷ್ಟೋ ಕಾಲವಾಗಿದೆ ಎಂಬುದು ನಮಗೆ ಊರಿಂದ ಊರಿಗೆ ಹೋಗುತ್ತಾ ತಿಳಿಯುತ್ತಾ ಬಂದಿತ್ತು. ದೂರದಿಂದ ಬಂದ ನಾವು ಅವರ ನಡುವೆ ಸುದ್ದಿ ಸಾಗಿಸುವವರಾಗಿದ್ದೆವು. ಬಾರ್ ಹಾರ್ಬರಿನವನ ಕ್ಷೇಮವನ್ನು ಸೇಂಟ್ ಜಾನಿನವರಿಗೆ ಹೇಳಿದೆವು, ಸೇಂಟ್ ಜಾನಿನವರು ಕಳುಹಿಸಿದ ಜೇನಿನ ಬಾಟಲಿಯನ್ನು ಹ್ಯಾಲಿಫ್ಯಾಕ್ಸಿಗೆ ಮುಟ್ಟಿಸಿದೆವು. ಯಾರಿಗೂ ಜಗಳವಿರಲಿಲ್ಲ, ಮರೆವೂ ಇರಲಿಲ್ಲ. ಹತ್ತಿರವಿದ್ದೇವೆಂಬ ಧೈರ್ಯದಲ್ಲಿ ಎಲ್ಲರೂ ಮುಂದೂಡಿದ್ದರು, ಅಷ್ಟೆ.

ಬಾಸ್ಟನ್ನಿನಲ್ಲಿ ಇಳಿದ ದಿನ ಅಲ್ಲಿನ ಗೆಳೆಯನ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಹ್ಯಾಲಿಫ್ಯಾಕ್ಸಿನವನ ಮಾತನ್ನು ಇದ್ದಂತೆಯೇ ಹೇಳಿದೆ. ಅವನು ಕೈ ತೊಳೆದು ಬಂದು ನಕ್ಷೆ ತೆರೆದ. 2022ರಿಂದ ಬಾರ್ ಹಾರ್ಬರಿಗೂ ನೋವಾ ಸ್ಕೋಷಿಯಾದ ಯಾರ್ಮತ್‌ಗೂ ನಡುವೆ ಬೇಸಿಗೆಯಲ್ಲಿ ವೇಗದ ದೋಣಿ ಓಡುತ್ತದೆ, ದಾಟಲು ಸುಮಾರು ಮೂರೂವರೆ ಗಂಟೆ. ಅದು ಕಾರನ್ನೂ ಒಯ್ಯುತ್ತದೆ, ಯಾರ್ಮತ್‌ನಿಂದ ಹ್ಯಾಲಿಫ್ಯಾಕ್ಸಿಗೆ ಸುಮಾರು 300 ಕಿಲೋಮೀಟರು ರಸ್ತೆ. ಸೇಂಟ್ ಜಾನಿನವರಿಗೆ ಕೊಲ್ಲಿಯನ್ನು ಅಡ್ಡ ದಾಟಿ ಅದೇ ನೋವಾ ಸ್ಕೋಷಿಯಾದ ಡಿಗ್ಬಿಗೆ ಹೋಗುವ ಇನ್ನೊಂದು ದೋಣಿ ಇದೆ. ನಾವು ವಿಮಾನ ಹತ್ತುವ ಹೊತ್ತಿಗೆ ಪೋರ್ಟ್‌ಲ್ಯಾಂಡಿನ ವೈದ್ಯ ರಜೆಗೆ ಅರ್ಜಿ ಹಾಕಿರುವುದಾಗಿ ತಿಳಿಸಿದ್ದ, ಬಾರ್ ಹಾರ್ಬರಿನವನು ತನ್ನ ಕಾರಿನಲ್ಲಿ ನಾಲ್ವರಿಗೆ ಜಾಗವಿದೆ ಎಂದು ಬರೆದಿದ್ದ. ಹ್ಯಾಲಿಫ್ಯಾಕ್ಸಿನ ಮನೆಯಲ್ಲಿ ಒಂದು ವಾರ ಇರಬೇಕೋ ಹತ್ತು ದಿನವೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ, ಗೆಳತಿ ಹತ್ತು ದಿನದ ಪರವಾಗಿದ್ದಾರೆ.